ಕೊಳೆತ ಮರವನ್ನು ಓದುವುದು ಹೇಗೆ

ಎರಡು ವರ್ಷದ ಹಿಂದೆ, ಮಳೆ ಹಿಡಿಯುವ ಮುಂಚೆ ಹೆಂಚು ಕೈಯಾಡಿಸೋಣ ಅಂತ ಅಡುಗೆಮನೆಯ ಮಾಡಿಗೆ ಹತ್ತಿದ್ದೆ. ಒಂದು ಪಕಾಸಿನ ಮೇಲೆ ಕಾಲಿಟ್ಟ ತಕ್ಷಣ ಅದು ಟಪ್ ಅಂತ ಮುರಿಯಿತು. ಪಕ್ಕದ ತೊಲೆ ಕೈಗೆ ಸಿಕ್ಕಿದ್ದಕ್ಕೆ ಬಚಾವಾದೆ. ಹೊರಗಿನಿಂದ ನೋಡಿದರೆ ಆ ಪಕಾಸು ಚೆನ್ನಾಗೇ ಇತ್ತು, ಬಣ್ಣ ಹಚ್ಚಿ ಮೂರು ವರ್ಷವೂ ಆಗಿರಲಿಲ್ಲ. ಮುರಿದ ತುಂಡು ಕೈಗೆ ತಗೊಂಡು ನೋಡಿದರೆ ಒಳಗೆಲ್ಲ ಕಂದು ಬಣ್ಣದ ಸಣ್ಣ ಸಣ್ಣ ಚೌಕಗಳು. ಬೆರಳಲ್ಲಿ ಉಜ್ಜಿದರೆ ಕಾಫಿ ಪುಡಿಯಷ್ಟು ನುಣ್ಣಗಾಗಿ ಉದುರಿತು. ಅದೇ ಸಂಜೆ ಕೊಟ್ಟಿಗೆ ಹಿಂದೆ ಬಿದ್ದಿದ್ದ ಮಾವಿನ ದಿಮ್ಮಿಗೆ ಕೊಡಲಿ ಹಾಕಿದೆ. ಅದೂ ಕುಂಬಾಗಿತ್ತು. ಆದರೆ ಅದರ ಒಳಗೆ ಬಿಳಿ ನಾರು, ಒದ್ದೆ ಹತ್ತಿಯ ಹಾಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು.

ಎರಡೂ ಅಣಬೆಯದೇ ಕೆಲಸ. ಎರಡೂ ಕಡೆ ತಿಂದದ್ದು ಮರವನ್ನೇ. ಹಾಗಾದರೆ ಒಂದು ಕಂದು ಪುಡಿ, ಇನ್ನೊಂದು ಬಿಳಿ ನಾರು ಯಾಕಾಯಿತು? ಅಣಬೆ ಯಾವ ಕಿಣ್ವ ಬಳಸಿತು ಅನ್ನುವುದರಲ್ಲಿ ಇದರ ಉತ್ತರ ಇದೆ. ಕಿಣ್ವ ಅಂದರೆ ಎಂಜೈಮ್, ಹಾಲು ಮೊಸರಾಗುವುದರಿಂದ ಹಿಡಿದು ನಮ್ಮ ಹೊಟ್ಟೆಯಲ್ಲಿ ಅನ್ನ ಅರಗುವವರೆಗೆ ಎಲ್ಲ ಕಡೆ ದುಡಿಯುವ ಪ್ರೋಟೀನು. ಇದನ್ನು ತಿಳಿದುಕೊಂಡರೆ ಯಾವ ತೊಲೆ ಇಟ್ಟುಕೊಳ್ಳಬೇಕು, ಯಾವುದನ್ನು ಕಿತ್ತು ಹಾಕಬೇಕು, ಅಡಿಕೆ ಸಿಪ್ಪೆ ಬೇಗ ಗೊಬ್ಬರ ಆಗಲು ಏನು ಮಾಡಬೇಕು, ಇವೆಲ್ಲ ತಾನಾಗಿ ಗೊತ್ತಾಗುತ್ತದೆ. ನಾನು ಕಲಿತದ್ದನ್ನು, ಮಾಡಿ ನೋಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಒಂದು ದಿಮ್ಮಿ ಒಡೆದು ನೋಡಿ

ತೋಟದಲ್ಲೋ ರಸ್ತೆ ಬದಿಯಲ್ಲೋ ಒಂದೆರಡು ಮಳೆಗಾಲ ಕಂಡ ಒಂದು ದಿಮ್ಮಿ ಹುಡುಕಿ. ಬೊಡ್ಡೆ ಆದರೂ ಸರಿ. ಒಂದು ಕತ್ತಿ, ಒಂದು ಚೂರಿ, ಮೊಬೈಲ್ ಕ್ಯಾಮೆರಾ ಇದ್ದರೆ ಸಾಕು. ಕ್ಯಾಮೆರಾವನ್ನು ಪೂರ್ತಿ ಹತ್ತಿರ ತಂದು ಫೋಟೊ ತೆಗೆದು, ಆಮೇಲೆ ದೊಡ್ಡದು ಮಾಡಿ ನೋಡಿದರೆ ಭೂತಗನ್ನಡಿಯೂ ಬೇಡ. ಮೂಗಿಗೆ ಒಂದು ಬಟ್ಟೆ ಕಟ್ಟಿಕೊಳ್ಳಿ, ಬೀಜಕಣ ಕೆಲವರಿಗೆ ಕೆಮ್ಮು ತರಿಸುತ್ತದೆ. ಮತ್ತೆ, ಅದರ ಮೇಲೆ ಬಂದಿರುವ ಅಣಬೆ ಎಷ್ಟು ಚೆಂದ ಇದ್ದರೂ ಬಾಯಿಗೆ ಹಾಕಬೇಡಿ.

ಮೊದಲು ಮೈ ನೋಡಿ. ನಮ್ಮ ಕಡೆ ಒಣಗಿದ ಕೊಂಬೆಗಳ ಮೇಲೆ ಕುಂಕುಮ ಕಿತ್ತಳೆ ಬಣ್ಣದ, ತೆಳ್ಳಗೆ ಬಿಲ್ಲೆಯಂತೆ ಅಂಟಿಕೊಂಡ ಒಂದು ಅಣಬೆ ತುಂಬ ಸಿಗುತ್ತದೆ. ಬಿಸಿಲಲ್ಲಿ ಒಣಗಿದರೂ ಬಣ್ಣ ಹೋಗುವುದಿಲ್ಲ. ಅದರ ಹೆಸರು ಪಿಕ್ನೊಪೊರಸ್. ಬೂದು ಬಿಳಿ ಬಣ್ಣದ ಪುಟ್ಟ ಬೀಸಣಿಗೆ ಥರದ್ದು ಕಂಡರೆ ತಿರುಗಿಸಿ ನೋಡಿ, ಅಡಿಯ ಗೆರೆಗಳು ಉದ್ದಕ್ಕೆ ಎರಡಾಗಿ ಸೀಳಿದ್ದರೆ ಅದು ಸ್ಕಿಜೊಫಿಲಮ್. ಹೆಸರು ನೆನಪಿರದಿದ್ದರೂ ಪರವಾಗಿಲ್ಲ. ಈ ಬಿಲ್ಲೆ, ಬೀಸಣಿಗೆ ಎಲ್ಲ ಬರೀ ಹಣ್ಣು ಇದ್ದ ಹಾಗೆ. ನಿಜವಾದ ಗಿಡ ಒಳಗಿದೆ.

ಈಗ ಕತ್ತಿ ಹಾಕಿ ಸೀಳಿ. ಒಳಗೆ ಬಿಳಿ ನೂಲು ಬಲೆಯಂತೆ ಹರಡಿರುತ್ತದೆ. ಮರದ ಬಣ್ಣ ನೋಡಿ. ಮೊದಲಿಗಿಂತ ಬೆಳ್ಳಗಾಗಿ, ನಾರು ನಾರಾಗಿ, ಒತ್ತಿದರೆ ಸ್ಪಂಜಿನಂತೆ ಕುಗ್ಗುತ್ತಿದ್ದರೆ ಅದು ಬಿಳಿ ಕೊಳೆ. ಮೊದಲಿಗಿಂತ ಕಂದಾಗಿ, ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟು ಚೌಕ ಚೌಕವಾಗಿ, ಪುಡಿಯಾಗುತ್ತಿದ್ದರೆ ಕಂದು ಕೊಳೆ. ಮೂರನೆಯದೂ ಒಂದಿದೆ: ತುಂಬ ಒದ್ದೆ ಇರುವ ಮರದ ಮೇಲ್ಮೈ ಮಾತ್ರ ಕಪ್ಪಾಗಿ ಮೆತ್ತಗಾಗುವುದು, ಉಗುರಲ್ಲಿ ಕೆರೆದರೆ ಅಡಿಗೆ ಗಟ್ಟಿ ಮರ ಸಿಗುತ್ತದೆ. ಅದಕ್ಕೆ ಮೆದು ಕೊಳೆ ಅನ್ನುತ್ತಾರೆ. ಅದು ನಿಧಾನದ್ದು, ಇಲ್ಲಿಗೆ ಬಿಡುತ್ತೇನೆ.

ಕೆಲವು ದಿಮ್ಮಿಗಳಲ್ಲಿ ಪೆನ್ನಿನಲ್ಲಿ ಬರೆದ ಹಾಗೆ ಕಪ್ಪು ಗೆರೆಗಳು ಕಾಣುತ್ತವೆ. ಎರಡು ಅಣಬೆಗಳು ಒಂದೇ ಮರದಲ್ಲಿ ಎದುರುಬದುರಾದಾಗ ತಮ್ಮ ತಮ್ಮ ಜಾಗಕ್ಕೆ ಹಾಕಿಕೊಂಡ ಬೇಲಿ ಅದು. ಮೊದಲ ಸಲ ನೋಡಿದಾಗ ನಾನು ಅರ್ಧ ಗಂಟೆ ಆ ಸೀಳನ್ನು ಕೈಯಲ್ಲೇ ಹಿಡಿದು ಕೂತಿದ್ದೆ.

ಎರಡನೆಯದು: ಬಣ್ಣ ಏನು ಹೇಳುತ್ತಿದೆ ತಿಳಿದುಕೊಳ್ಳಿ

ಹಳೆಯ ಮನೆಗಳ ತಟ್ಟಿ ಗೋಡೆ ನೋಡಿದ್ದೀರಾ? ಬಿದಿರಿನ ಸೀಳು ನಿಲ್ಲಿಸಿ, ಬಳ್ಳಿಯಿಂದ ಬಿಗಿದು, ಮೇಲೆ ಮಣ್ಣು ಮೆತ್ತುತ್ತಿದ್ದರು. ಮರದ ಒಂದೊಂದು ಕೋಶದ ಗೋಡೆಯೂ ಹಾಗೇ. ಬಿದಿರಿನ ಸೀಳಿನ ಜಾಗದಲ್ಲಿ ಸೆಲ್ಯುಲೋಸ್, ಮರದ ತೂಕದಲ್ಲಿ ನೂರಕ್ಕೆ 40ರಿಂದ 50 ಭಾಗ. ಬಳ್ಳಿಯ ಜಾಗದಲ್ಲಿ ಹೆಮಿಸೆಲ್ಯುಲೋಸ್, 20ರಿಂದ 30. ಮೆತ್ತಿದ ಮಣ್ಣಿನ ಜಾಗದಲ್ಲಿ ಲಿಗ್ನಿನ್, ಅದೂ 20ರಿಂದ 30. ಸೆಲ್ಯುಲೋಸ್ ಬಿಳಿ, ಅಪ್ಪಟ ಹತ್ತಿ ಅಂದರೆ ಬಹುಪಾಲು ಅದೇ. ಲಿಗ್ನಿನ್ ಕಂದು.

ಈಗ ನಿಮ್ಮ ಕೈಯಲ್ಲಿರುವ ತುಂಡನ್ನು ಮತ್ತೆ ನೋಡಿ. ಬಿಳಿಯಾಗಿದೆ ಅಂದರೆ ಅಣಬೆ ಕಂದು ಲಿಗ್ನಿನ್ ತೆಗೆದಿದೆ. ಕಂದಾಗಿದೆ ಅಂದರೆ ಬಿಳಿ ಸೆಲ್ಯುಲೋಸ್ ಎಳೆದುಕೊಂಡು ಲಿಗ್ನಿನ್ ಬಿಟ್ಟು ಹೋಗಿದೆ. ಉಳಿದದ್ದರ ಬಣ್ಣ ನೋಡಿ ಹೋದದ್ದು ಯಾವುದು ಅಂತ ಹೇಳಬಹುದು. ಇಷ್ಟು ಸುಲಭ!

ಲಿಗ್ನಿನ್ನಿನಿಂದ ಅಣಬೆಗೆ ಹೊಟ್ಟೆ ತುಂಬುವುದಿಲ್ಲ. ಅದಕ್ಕೆ ಬೇಕಾದದ್ದು ಸೆಲ್ಯುಲೋಸಿನೊಳಗಿರುವ ಸಕ್ಕರೆ. ಆದರೆ ಸಕ್ಕರೆ ಸಿಗಬೇಕಾದರೆ ಮೆತ್ತಿದ ಮಣ್ಣು ಕೆಡವಬೇಕು, ಅಲ್ವಾ? ಕೆಡವುವ ರೀತಿ ಎರಡು, ಅದಕ್ಕೇ ಕೊಳೆಯೂ ಎರಡು ಥರ.

ಬಿಳಿ ಕೊಳೆಯ ಅಣಬೆ ಏನು ಮಾಡುತ್ತದೆ

ಅಣಬೆಗೆ ಬಾಯಿಲ್ಲ, ಹೊಟ್ಟೆಯಿಲ್ಲ. ನಾವು ನುಂಗಿ ಅರಗಿಸುತ್ತೇವೆ, ಅದು ಅರಗಿಸಿ ನುಂಗುತ್ತದೆ. ನೂಲಿನ ತುದಿಯಿಂದ ಕಿಣ್ವ ಹೊರಗೆ ಬಿಡುತ್ತದೆ, ಕಿಣ್ವ ಮರವನ್ನು ಕರಗಿಸುತ್ತದೆ, ಕರಗಿದ್ದನ್ನು ನೂಲು ಹೀರಿಕೊಳ್ಳುತ್ತದೆ. ಇಷ್ಟೂ ಕೆಲಸ ನಡೆಯುವುದು ನೀರಿನಲ್ಲಿ. ನೀರಿಲ್ಲದೆ ಕಿಣ್ವ ಅತ್ತಿತ್ತ ಹೋಗಲಾರದು. ಈ ಒಂದು ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಮುಂದೆ ಹೇಳುವುದೆಲ್ಲ ಇದರಿಂದಲೇ ಬರುತ್ತದೆ.

ಲಿಗ್ನಿನ್ ಒಡೆಯುವ ಕಿಣ್ವಗಳಲ್ಲಿ ಮುಖ್ಯವಾದವು ಎರಡು ಗುಂಪು. ಒಂದು ಲ್ಯಾಕೇಸ್. ಇದರಲ್ಲಿ ತಾಮ್ರ ಇರುತ್ತದೆ, ಗಾಳಿಯ ಆಮ್ಲಜನಕ ಬಳಸಿ ಕೆಲಸ ಮಾಡುತ್ತದೆ. ಇದು ಮೊದಲು ಗೊತ್ತಾದದ್ದು ಅಣಬೆಯಲ್ಲಿ ಅಲ್ಲ, 1883ರಲ್ಲಿ ಜಪಾನಿನ ಯೋಶಿದಾ ಎಂಬವರು ಅಲ್ಲಿನ ಮೆರುಗೆಣ್ಣೆ ಮರದ ಹಾಲಿನಲ್ಲಿ ಕಂಡರು. ಆ ಹಾಲು ಗಾಳಿಗೆ ಗಟ್ಟಿಯಾಗಿ ಕಪ್ಪಗೆ ಹೊಳೆಯುವುದು ಈ ಕಿಣ್ವದಿಂದ. ನಮ್ಮ ಅಡುಗೆಮನೆಯಲ್ಲೂ ಇದಕ್ಕೆ ಹತ್ತಿರದ್ದು ಇದೆ. ಬದನೆಕಾಯಿ, ಬಾಳೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತದೆ ಅಂತ ಮಜ್ಜಿಗೆ ನೀರಿಗೆ ಹಾಕುತ್ತೀವಲ್ಲ, ಆ ಕಪ್ಪು ಮಾಡುವುದೂ ತಾಮ್ರ ಇರುವ ಇಂಥದ್ದೇ ಒಂದು ಕಿಣ್ವ. ಹುಳಿ ಬಿದ್ದರೆ ಅದರ ಕೈ ಕಟ್ಟಿದಂತಾಗುತ್ತದೆ.

ಇನ್ನೊಂದು ಗುಂಪು ಪೆರಾಕ್ಸಿಡೇಸ್. ನಮ್ಮ ರಕ್ತವನ್ನು ಕೆಂಪು ಮಾಡುವ ಹೀಮ್ ಇದೆಯಲ್ಲ, ಕಬ್ಬಿಣ ಇರುವ ಆ ಚಕ್ರ, ಅದೇ ಇವುಗಳ ನಡುವೆಯೂ ಕೂತಿದೆ. ಇವಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೇಕು, ಅದನ್ನೂ ಅಣಬೆಯೇ ಬೇರೆ ಕಿಣ್ವಗಳಿಂದ ಮಾಡಿಕೊಳ್ಳುತ್ತದೆ. ಲಿಗ್ನಿನ್ ಪೆರಾಕ್ಸಿಡೇಸ್ 1983ರಲ್ಲಿ ಅಮೆರಿಕದಲ್ಲಿ ಎರಡು ತಂಡಗಳಿಗೆ ಒಟ್ಟೊಟ್ಟಿಗೆ ಸಿಕ್ಕಿತು, ಫ್ಯಾನೆರೊಕೀಟೆ ಕ್ರೈಸೊಸ್ಪೋರಿಯಂ ಎಂಬ ಅಣಬೆಯಲ್ಲಿ. ಅದಾದ ಮೇಲೆ ಅದೇ ಅಣಬೆಯಲ್ಲಿ ಮ್ಯಾಂಗನೀಸ್ ಪೆರಾಕ್ಸಿಡೇಸ್ ಸಿಕ್ಕಿತು. ನನಗೆ ತುಂಬ ಇಷ್ಟವಾದದ್ದು ಈ ಎರಡನೆಯದು. ಗಟ್ಟಿ ಮರದ ಗೋಡೆಯಲ್ಲಿ ಸಂದು ಇರುತ್ತದೆ, ಆದರೆ ಕಿಣ್ವ ಅದರೊಳಗೆ ತೂರಲಾರದಷ್ಟು ದಪ್ಪ. ಅದಕ್ಕೆ ಈ ಕಿಣ್ವ ತಾನು ಹೊರಗೇ ನಿಂತು, ಮರದಲ್ಲೇ ಇರುವ ಮ್ಯಾಂಗನೀಸ್ ಎಂಬ ಪುಟ್ಟ ಲೋಹದ ಕಣಕ್ಕೆ ಶಕ್ತಿ ತುಂಬಿ ಒಳಗೆ ಕಳಿಸುತ್ತದೆ. ಆ ಕಣ ಹೋಗಿ ಲಿಗ್ನಿನ್ ಕೆಡಿಸಿ, ಖಾಲಿಯಾಗಿ ಮತ್ತೆ ಬರುತ್ತದೆ. ಬಿಳಿ ಕೊಳೆಯ ಮರದಲ್ಲಿ ಕೆಲವೊಮ್ಮೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ, ಅವು ಹೀಗೆ ಒಂದೆಡೆ ಸೇರಿದ ಮ್ಯಾಂಗನೀಸ್ ಆಗಿರಬಹುದು. ಬರಿಗಣ್ಣಿಗೇ ಕಾಣುವ ಗುರುತು.

ಮಣ್ಣು ಬಿದ್ದ ಮೇಲೆ ಬಿದಿರಿನ ಸರದಿ. ಸೆಲ್ಯುಲೋಸ್ ಅಂದರೆ ಸಾವಿರಾರು ಗ್ಲೂಕೋಸ್ ಮಣಿ ಪೋಣಿಸಿದ ಸರ. ಒಂದು ಕಿಣ್ವ ಸರವನ್ನು ನಡುವೆ ಕತ್ತರಿಸುತ್ತದೆ. ಇನ್ನೊಂದು ತುದಿಯಿಂದ ಎರಡೆರಡೇ ಮಣಿ ಬಿಡಿಸುತ್ತಾ ಬರುತ್ತದೆ. ಮೂರನೆಯದು ಆ ಜೋಡಿಯನ್ನು ಒಂಟಿ ಮಾಡುತ್ತದೆ, ಆಗ ಅದು ಸಕ್ಕರೆ. ಸರಗಳು ತೀರ ಒತ್ತೊತ್ತಾಗಿ ಕಟ್ಟಿಕೊಂಡಿರುವ ಕಡೆ ಮೊದಲು ಮೇಲ್ಮೈ ಕೆತ್ತಿ ಸಡಿಲ ಮಾಡುವ, ತಾಮ್ರ ಇರುವ ಇನ್ನೊಂದು ಕಿಣ್ವ ಇದೆ. ಈ ಬಳಗದ ಕಿಣ್ವ ಹೀಗೆ ಕೆಲಸ ಮಾಡುತ್ತದೆ ಅಂತ ನಾರ್ವೆಯ ವಿಜ್ಞಾನಿಗಳು ತೋರಿಸಿದ್ದು 2010ರಲ್ಲಿ, ಅಂದರೆ ಮೊನ್ನೆ ಮೊನ್ನೆ.

ಸೆಲ್ಯುಲೋಸ್ ಒಡೆಯುವ ಈ ಕಿಣ್ವಗಳು ನಿಮ್ಮ ಪ್ಯಾಂಟಿನಲ್ಲೂ ಇದ್ದು ಹೋಗಿರಬಹುದು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿ ಡೇರೆಗಳು ಬೇಗ ಬೇಗ ಕೊಳೆಯುತ್ತಿದ್ದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಟ್ರೈಕೊಡರ್ಮಾ ಜಾತಿಯ ಒಂದು ಬೂಸ್ಟು. ಅದರ ಮೇಲೆ ದುಡಿದ ಎಲ್ವಿನ್ ರೀಸ್ ಅವರ ಹೆಸರನ್ನೇ ಅದಕ್ಕೆ ಆಮೇಲೆ ಇಟ್ಟರು, ಟ್ರೈಕೊಡರ್ಮಾ ರೀಸೈ ಅಂತ. ಇವತ್ತು ಜೀನ್ಸ್ ಬಟ್ಟೆಗೆ ಮಾಸಿದ ನೋಟ ಕೊಡಲು ಇಂಥ ಸೆಲ್ಯುಲೇಸ್ ಕಿಣ್ವಗಳನ್ನು ಬಳಸುತ್ತಾರೆ. ನಮ್ಮ ತೋಟಕ್ಕೆ ರೋಗ ಬರದಂತೆ ಹಾಕುವ ಟ್ರೈಕೊಡರ್ಮಾ ಇದರದ್ದೇ ಬಳಗ.

ಕಂದು ಕೊಳೆಯ ದಾರಿ ಬೇರೆ, ಅಪಾಯವೂ ಜಾಸ್ತಿ

ಕಂದು ಕೊಳೆಯ ಅಣಬೆಗಳು ಲಿಗ್ನಿನ್ ಪೆರಾಕ್ಸಿಡೇಸಿನಂಥ ಭಾರಿ ಕಿಣ್ವಗಳ ಗೋಜಿಗೇ ಹೋಗುವುದಿಲ್ಲ. ಅವು ಆಕ್ಸಾಲಿಕ್ ಆಮ್ಲ ಸುರಿಸಿ ಮರವನ್ನು ಹುಳಿ ಮಾಡುತ್ತವೆ, ಕಬ್ಬಿಣದ ಕಣ ಮತ್ತು ಪೆರಾಕ್ಸೈಡ್ ಎರಡನ್ನೂ ಗೋಡೆಯ ಸಂದಿನೊಳಗೆ ಸೇರಿಸುತ್ತವೆ. ಅವೆರಡೂ ಸೇರಿದಲ್ಲಿ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟುತ್ತದೆ. 1894ರಲ್ಲಿ ಫೆಂಟನ್ ಎಂಬ ರಸಾಯನ ವಿಜ್ಞಾನಿ ತೋರಿಸಿಕೊಟ್ಟ ಕ್ರಿಯೆ ಇದು. ಕಣ್ಣು ಮಿಟುಕಿಸುವುದರ ಎಷ್ಟೋ ಪಾಲು ಕಡಿಮೆ ಹೊತ್ತು ಇರುವ ಆ ಕಣ, ಇದ್ದಷ್ಟು ಹೊತ್ತಿನಲ್ಲಿ ಪಕ್ಕ ಸಿಕ್ಕಿದ್ದನ್ನೆಲ್ಲ ಕತ್ತರಿಸುತ್ತದೆ. ಲಿಗ್ನಿನ್ ಅಲ್ಲಲ್ಲಿ ಬದಲಾಗುತ್ತದೆ, ಆದರೆ ಅಲ್ಲೇ ಉಳಿಯುತ್ತದೆ. ಸೆಲ್ಯುಲೋಸಿನ ಉದ್ದ ಸರಗಳು ಮಾತ್ರ ಚೂರು ಚೂರು. ಗೋಡೆ ಹೀಗೆ ಸಡಿಲವಾದ ಮೇಲೆ ಕಿಣ್ವಗಳು ನಿಧಾನವಾಗಿ ಒಳಗೆ ಬಂದು ಸಕ್ಕರೆ ಬಿಡಿಸುತ್ತವೆ.

ಮರಕ್ಕೆ ಎಳೆತ ತಡೆಯುವ ಬಲ ಕೊಡುವುದು ಆ ಉದ್ದ ಸರಗಳೇ. ಹಾಗಾಗಿ ಕಂದು ಕೊಳೆ ಹಿಡಿದ ಮರ ತೂಕದಲ್ಲಿ ನೂರಕ್ಕೆ ಹತ್ತು ಭಾಗ ಕಳೆದುಕೊಳ್ಳುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಬಲ ಕಳೆದುಕೊಂಡಿರುತ್ತದೆ. ನೋಡಲು ಗಟ್ಟಿ, ಒಳಗೆ ಏನೂ ಇಲ್ಲ. ನನ್ನ ಪಕಾಸು ಮುರಿದದ್ದು ಹೀಗೆ. ಬಿಳಿ ಕೊಳೆಯೂ ಮರವನ್ನು ಹಾಳು ಮಾಡುತ್ತದೆ, ಆದರೆ ಸಾಮಾನ್ಯವಾಗಿ ಅಷ್ಟು ಹಠಾತ್ ಅಲ್ಲ. ಮರ ಮೆತ್ತಗಾಗುತ್ತದೆ, ಬಾಗುತ್ತದೆ, ಸೂಚನೆ ಕೊಡುತ್ತದೆ.

ಪೈನ್ ಥರದ ಮರಗಳ ಮೇಲೆ ಕಂದು ಕೊಳೆ ಜಾಸ್ತಿ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ತಂದು ಮಾಡಿದ ಕಪಾಟು, ಬೆಂಚು ಮನೆಯಲ್ಲಿದ್ದರೆ ಗೋಡೆಗೆ ತಾಗುವ ಹಿಂಬದಿಯನ್ನು ಒಮ್ಮೆ ನೋಡಿ.

ಮೂರನೆಯದು: ಮನೆಯ ಮರ ಪರೀಕ್ಷೆ ಮಾಡಿ

ಚೂರಿಯ ತುದಿಯನ್ನು ಮರಕ್ಕೆ ಓರೆಯಾಗಿ ಚುಚ್ಚಿ, ಎತ್ತಿ. ಒಳ್ಳೆ ಮರವಾದರೆ ಉದ್ದ ಸಿಬಿರು ಏಳುತ್ತದೆ. ಕೊಳೆ ಹಿಡಿದಿದ್ದರೆ ಗಿಡ್ಡಗೆ, ಚೂರಿಯ ಮೇಲೇ ಪಟ್ ಅಂತ ತುಂಡಾಗುತ್ತದೆ. ಬಣ್ಣ ಹಚ್ಚಿದ ಮರದಲ್ಲೂ ಇದು ಗೊತ್ತಾಗುತ್ತದೆ. ಎಲ್ಲ ಕಡೆ ಚುಚ್ಚುತ್ತಾ ಕೂರಬೇಡಿ, ನೀರು ನಿಲ್ಲುವ ಕಡೆ ನೋಡಿದರೆ ಸಾಕು: ಸೂರಿನ ತುದಿ, ಒಡೆದ ಹೆಂಚಿನ ಅಡಿ, ತೊಲೆ ಗೋಡೆಯೊಳಗೆ ಕೂತ ಜಾಗ, ಬಚ್ಚಲುಮನೆಯ ದಾರಂದದ ಬುಡ.

ಇನ್ನೊಂದು, ಮರದ ಮೇಲೆ ಮಣ್ಣಿನ ಕೊಳವೆ ಕಂಡರೆ ಅದು ಒರಲೆ. ಅದರ ಉಪಾಯ ಬೇರೆ. ಒರಲೆಯ ಕಥೆಯೂ ಕೊನೆಗೆ ಅಣಬೆಗೇ ಬರುತ್ತದೆ ಅನ್ನಿ. ನಮ್ಮ ಹುತ್ತದ ಒರಲೆಗಳು ಹುಲ್ಲು, ಮರ ತಂದು ಒಳಗೆ ಟರ್ಮಿಟೊಮೈಸಿಸ್ ಎಂಬ ಅಣಬೆ ಬೆಳೆಸುತ್ತವೆ, ಮರ ಅರಗಿಸಲು ಅಣಬೆಯ ನೆರವು ಪಡೆದು ಆಮೇಲೆ ತಾವು ತಿನ್ನುತ್ತವೆ. ಮೊದಲ ಮಳೆಗೆ ಹುತ್ತದ ಬಳಿ ಏಳುವ, ಮಲೆನಾಡು ಕರಾವಳಿಯವರೆಲ್ಲ ಬುಟ್ಟಿ ಹಿಡಿದು ಓಡುವ, ಕೊಡಗಿನವರು ಕುಮ್ಮು ಅಂತ ಸಾರು ಮಾಡುವ ಅಣಬೆಗಳಲ್ಲಿ ಇದೂ ಸೇರಿದೆ.

ಈಗ ನೀರಿನ ಲೆಕ್ಕ. ಒಣ ಮರದ ತೂಕಕ್ಕೆ ಹೋಲಿಸಿದರೆ ನೂರಕ್ಕೆ ಸುಮಾರು 28-30 ಭಾಗದವರೆಗೆ ನೀರು ಕೋಶದ ಗೋಡೆಯಲ್ಲೇ ಅಂಟಿಕೊಂಡಿರುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಮಾತ್ರ ಒಳಗಿನ ಕೊಳವೆಗಳಲ್ಲಿ ಬಿಡುವಾಗಿ ನಿಲ್ಲುತ್ತದೆ. ಕೊಳೆ ಶುರುವಾಗಲು ಆ ಬಿಡುವಾದ ನೀರು ಬೇಕು. 20ರ ಕೆಳಗಿಟ್ಟರೆ ಮರ ಸುರಕ್ಷಿತ ಅನ್ನುವುದು ಎಲ್ಲರೂ ಒಪ್ಪುವ ಲೆಕ್ಕ. ಆಷಾಢದ ಗಾಳಿಯಲ್ಲಿ ಎಷ್ಟೇ ತೇವ ಇದ್ದರೂ, ಮರ ಬರೀ ಗಾಳಿಯಿಂದ ಎಳೆದುಕೊಳ್ಳುವುದು ಹೆಚ್ಚೆಂದರೆ ಆ 20ರ ಹತ್ತಿರದವರೆಗೆ. ಅದರಿಂದ ಬೂಸ್ಟು ಬರುತ್ತದೆ, ಒರೆಸಿದರೆ ಹೋಗುತ್ತದೆ. ತೊಲೆ ಕೊಳೆಯಬೇಕಾದರೆ ಎಲ್ಲೋ ನೀರು ತೊಟ್ಟಿಕ್ಕುತ್ತಿರಲೇಬೇಕು. ಕೊಳೆ ಕಂಡಲ್ಲಿ ಔಷಧಿ ಹುಡುಕುವ ಮೊದಲು ನೀರಿನ ದಾರಿ ಹುಡುಕಿ.

ನೀರು ಪೂರ್ತಿ ತುಂಬಿದರೂ ಈ ಅಣಬೆಗಳಿಗೆ ಆಗುವುದಿಲ್ಲ, ಆಮ್ಲಜನಕ ಸಿಗದೆ ಮೇಲೆ ಹೇಳಿದ ಕೆಲಸ ಯಾವುದೂ ನಡೆಯುವುದಿಲ್ಲ. ಬೇಲಿ ಗೂಟ ಕಿತ್ತು ನೋಡಿ: ಆಳದಲ್ಲಿ ಹೂತ ತುದಿ ಎಷ್ಟೋ ಸಲ ಗಟ್ಟಿ, ಮೇಲಿನ ತುದಿಯೂ ಗಟ್ಟಿ, ನೆಲದ ಮಟ್ಟದಲ್ಲಿ ಮಾತ್ರ ಸವೆದು ಸಣ್ಣಗಾಗಿದೆ. ನೀರು ಮತ್ತು ಗಾಳಿ ಎರಡೂ ಸಿಗುವುದು ಅಲ್ಲಿ ಮಾತ್ರ.

ಕೊಳೆತ ಭಾಗ ಕತ್ತರಿಸುವಾಗ ಚೆನ್ನಾಗಿ ಕಾಣುವ ಮರವನ್ನೂ ಕನಿಷ್ಠ ಒಂದು ಅಡಿ ಸೇರಿಸಿ ತೆಗೆಯಿರಿ, ಯಾಕಂದರೆ ನೂಲು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಉಳಿದದ್ದು ಪೂರ್ತಿ ಒಣಗಲಿ. ಮಳೆ ತಾಗದ ಒಳಗಿನ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆ್ಯಸಿಡ್ ಕರಗಿಸಿದ ನೀರು ಬಳಿಯಬಹುದು. ಹೊರಗೆ ಬಳಿದರೆ ಮಳೆಗೆ ತೊಳೆದು ಹೋಗುತ್ತದೆ. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇದೆಯಲ್ಲ ಅಂತ ಅದನ್ನೇ ಬಳಿದು ನಂಬಿ ಕೂರಬೇಡಿ. ಕಂದು ಕೊಳೆಯ ಕೆಲವು ಅಣಬೆಗಳು ತಮ್ಮ ಆಕ್ಸಾಲಿಕ್ ಆಮ್ಲದಿಂದಲೇ ತಾಮ್ರವನ್ನು ಕರಗದ ಪುಡಿಯಾಗಿ ಮಾಡಿ, ಏನೂ ಆಗದ ಹಾಗೆ ಮುಂದೆ ಹೋಗುತ್ತವೆ. ಒದ್ದೆ ಮರಕ್ಕೆ ಎಣ್ಣೆ ಬಣ್ಣ ಹಚ್ಚುವುದಂತೂ ಬೇಡವೇ ಬೇಡ. ಒಳಗಿನ ನೀರು ಹೊರಗೆ ಬರಲು ದಾರಿ ಇಲ್ಲದಂತಾಗುತ್ತದೆ. ನನ್ನ ಪಕಾಸಿಗೆ ಆದದ್ದೂ ಅದೇ.

ಹೊಸ ಮರ ಕೊಳ್ಳುವಾಗ ಚೇಗು, ಅಂದರೆ ಮರದ ನಡುವಿನ ಗಟ್ಟಿ ತಿರುಳು, ನೋಡಿ ಕೊಳ್ಳಿ. ತೇಗದ ಚೇಗಿನಲ್ಲಿ ಅಣಬೆಗೆ ಆಗದ ವಸ್ತುಗಳಿವೆ. ಅದೇ ತೇಗದ ಹೊರಗಿನ ಬಿಳಿ ಭಾಗದಲ್ಲಿ ಆ ರಕ್ಷಣೆ ಇಲ್ಲ, ತೇಗ ಅನ್ನುವ ಹೆಸರಿಗೆ ದುಡ್ಡು ಕೊಟ್ಟು ಬಿಳಿ ಭಾಗ ತಂದರೆ ಮಾವಿನ ಹಲಗೆ ತಂದ ಹಾಗೇ.

ನಾಲ್ಕನೆಯದು: ಇದೇ ಕಿಣ್ವವನ್ನು ದುಡಿಸಿಕೊಳ್ಳಿ

ಮನೆಯಲ್ಲಿ ನೀರು ತಪ್ಪಿಸಿದೆವು, ತಿಪ್ಪೆಯಲ್ಲಿ ನೀರು ಕೊಡೋಣ. ಅಡಿಕೆ ಸಿಪ್ಪೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ರಸ್ತೆ ಬದಿಗೆ ಸುರಿದು ಬೆಂಕಿ ಹಾಕುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದು ಬೇಗ ಕೊಳೆಯದಿರಲು ದೊಡ್ಡ ಕಾರಣ ಲಿಗ್ನಿನ್. ಅಂದರೆ ಬಿಳಿ ಕೊಳೆಯ ಅಣಬೆ ಬೇಕು. ಸುಲಭಕ್ಕೆ ಸಿಗುವುದು ಚಿಪ್ಪಿನ ಅಣಬೆ.

ಮೊದಲು ಅಣಬೆ ಬೆಳೆದು ತಿನ್ನಿ, ಉಳಿದ ಚೀಲವನ್ನು ಸಿಪ್ಪೆಗೆ ಹಾಕಿ. ಭತ್ತದ ಹುಲ್ಲನ್ನು ಎರಡು ಮೂರು ಇಂಚು ಕತ್ತರಿಸಿ ರಾತ್ರಿಯಿಡೀ ನೆನೆಸಿ. ಮರುದಿನ 80 ಡಿಗ್ರಿ ಆಸುಪಾಸಿನ ಬಿಸಿ ನೀರಿನಲ್ಲಿ ಅರ್ಧ ಮುಕ್ಕಾಲು ಗಂಟೆ ಇಟ್ಟು ತೆಗೆಯಿರಿ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈಗೆ ತಂಪು ತಾಗಬೇಕು, ಅಷ್ಟು ಆರಲಿ. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದಿಷ್ಟು ಅಣಬೆ ಬೀಜ, ಹೀಗೆ ತುಂಬಿ ಬಾಯಿ ಕಟ್ಟಿ, ಅಲ್ಲಲ್ಲಿ ತೂತು ಮಾಡಿ ಕತ್ತಲ ಕೋಣೆಯಲ್ಲಿಡಿ. ಬೀಜ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ. ಹದಿನೈದಿಪ್ಪತ್ತು ದಿನಕ್ಕೆ ಚೀಲವೆಲ್ಲ ಬೆಳ್ಳಗಾಗುತ್ತದೆ. ಈ ದಿನಗಳಲ್ಲಿ ಲ್ಯಾಕೇಸ್ ಜಾಸ್ತಿ, ಅಂದರೆ ಲಿಗ್ನಿನ್ ಎಂಬ ಮಣ್ಣು ಕೆಡವುವ ಕೆಲಸ. ಆಮೇಲೆ ಚೀಲ ಸೀಳಿ, ಬೆಳಕು ಗಾಳಿ ಕೊಟ್ಟು, ದಿನಾ ನೀರು ಚಿಮುಕಿಸಿದರೆ ಮೊಗ್ಗು ಬರುತ್ತದೆ. ಆ ಹೊತ್ತಿಗೆ ಲ್ಯಾಕೇಸ್ ಇಳಿದು ಸೆಲ್ಯುಲೋಸ್ ಒಡೆಯುವ ಕಿಣ್ವ ಏರಿರುತ್ತದೆ, ಅಣಬೆ ದಪ್ಪಗಾಗಲು ಸಕ್ಕರೆ ಬೇಕಲ್ಲ. ಚೀಲದಲ್ಲಿ ಹಸಿರು ಬೂಸ್ಟು ಕಂಡರೆ ದೂರ ಒಯ್ದುಬಿಡಿ, ಅದು ಟ್ರೈಕೊಡರ್ಮಾ.

ಎರಡು ಮೂರು ಕೊಯ್ಲು ಮುಗಿದ ಚೀಲದ ಹುಲ್ಲು ಇನ್ನೂ ಜೀವಂತ. ಅಡಿಕೆ ಸಿಪ್ಪೆಯನ್ನು ಎರಡು ದಿನ ನೆನೆಸಿ, ನೆರಳಿನಲ್ಲಿ ಒಂದು ಪದರ ಸಿಪ್ಪೆ ಒಂದು ಪದರ ಈ ಹುಲ್ಲು ಹಾಸುತ್ತಾ ಮೊಣಕಾಲೆತ್ತರ ಒಟ್ಟಿ. ಅದಕ್ಕಿಂತ ಎತ್ತರ ಬೇಡ, ದೊಡ್ಡ ರಾಶಿ ಒಳಗೆ ಕಾಯ್ದು ಅಣಬೆ ಸತ್ತುಹೋಗುತ್ತದೆ. ಮೇಲೆ ಗೋಣಿ ಹೊದಿಸಿ ಒದ್ದೆ ಇಡಿ. ಹಸಿ ಸಗಣಿಯನ್ನು ಮೊದಲೇ ಸುರಿಯಬೇಡಿ. ಬ್ಯಾಕ್ಟೀರಿಯಾ ಎದ್ದು ಬಿಸಿ ಹೆಚ್ಚುತ್ತದೆ, ಅಣಬೆ ಹಿಂದೆ ಬೀಳುತ್ತದೆ. ಸಿಪ್ಪೆ ಬೆಳ್ಳಗಾಗಿ ಕೈಯಲ್ಲಿ ಎಳೆದರೆ ಹರಿಯುವಷ್ಟಾದ ಮೇಲೆ ಸಗಣಿ ನೀರು ಹಾಕಿ. ತೆಂಗಿನ ನಾರಿನ ಪುಡಿಗೆ ಚಿಪ್ಪಿನ ಅಣಬೆ ಹಾಕಿ ಗೊಬ್ಬರ ಮಾಡುವ ಹೆಸರಾದ ವಿಧಾನದಲ್ಲಿ 1 ಟನ್ ಪುಡಿಗೆ 5 ಕೆಜಿ ಯೂರಿಯಾ ಸೇರಿಸುತ್ತಾರೆ. ಅಂದರೆ ನೂರಕ್ಕೆ ಅರ್ಧ ಭಾಗ ಮಾತ್ರ, ಅದನ್ನೂ ಬೀಜದ ಪದರ ಬಿಟ್ಟು ಬೇರೆ ಪದರಕ್ಕೆ. ಸಾರಜನಕ ಬೇಕು, ಸುರಿಯುವಷ್ಟು ಬೇಡ.

ಬದುಕಿರುವ ಮರದಲ್ಲಿ ಇದೇ ಕಿಣ್ವ ಶತ್ರು. ಅಡಿಕೆಯ ಅಣಬೆ ರೋಗ ಗ್ಯಾನೊಡರ್ಮಾ ಎಂಬ ಬಿಳಿ ಕೊಳೆಯ ಅಣಬೆಯದು. ಬುಡದಲ್ಲಿ ಅಣಬೆ ಕಾಣುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತದೆ. ಆ ಮರವನ್ನು ಬೊಡ್ಡೆ ಬೇರು ಸಮೇತ ತೆಗೆದು ಸುಡಿ, ಸುತ್ತ ಕಂದಕ ತೋಡಿ, ತೋಟದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಆ ಬೊಡ್ಡೆ ಮಾತ್ರ ಗೊಬ್ಬರ ಗುಂಡಿಗೆ ಬೇಡ.

ಕೊನೆಯದು: ತೂಗಿ ನೋಡಿ

ಮಕ್ಕಳಿದ್ದರೆ ಇದನ್ನು ಅವರ ಕೈಯಲ್ಲೇ ಮಾಡಿಸಿ. ಕೊಳೆತ ಮರಕ್ಕೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದರೆ ನೊರೆ ಬರುತ್ತದೆ, ಅದೇ ಲಿಗ್ನಿನ್ ಕಿಣ್ವ ಅಂದುಕೊಳ್ಳಬೇಡಿ. ಆ ನೊರೆ ಕ್ಯಾಟಲೇಸ್ ಎಂಬ ಬೇರೆ ಕಿಣ್ವದ್ದು, ಆಲೂಗಡ್ಡೆಗೆ ಹನಿಸಿದರೂ ಬರುತ್ತದೆ. ತೂಕ ಸುಳ್ಳು ಹೇಳುವುದಿಲ್ಲ.

ಒಂದೇ ಮಾವಿನ ಹಲಗೆಯಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಒಂಬತ್ತು ತುಂಡು ಕತ್ತರಿಸಿ. ಪೆನ್ಸಿಲಿನಲ್ಲಿ ಸಂಖ್ಯೆ ಬರೆದು, ನಾಲ್ಕು ದಿನ ಕಡು ಬಿಸಿಲಿನಲ್ಲಿ ಒಣಗಿಸಿ, ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಮೂರು ತುಂಡು ಹಾಗೇ ಒಣ ಕಪಾಟಿನಲ್ಲಿರಲಿ. ಮೂರನ್ನು ನೆನೆಸಿ, ಒಂದು ಗಾಜಿನ ಬಾಟಲಿಯಲ್ಲಿ ಸ್ವಲ್ಪ ನೀರಿನ ಜೊತೆ ಇಟ್ಟು, ಮುಚ್ಚಳ ಸಡಿಲ ಬಿಟ್ಟು ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ. ಆರಿದ ಮೇಲೆ ತೆರೆಯದೆ ಮುಚ್ಚಳ ಬಿಗಿ ಮಾಡಿ. ಉಳಿದ ಮೂರನ್ನೂ ಹಾಗೇ ಬೇಯಿಸಿ, ಆರಿಸಿ, ಬೆಳ್ಳಗಾದ ಅಣಬೆ ಚೀಲದ ಹುಲ್ಲಿನ ನಡುವೆ ಹೂತಿಡಿ. ಪ್ರಯೋಗಾಲಯಗಳಲ್ಲೂ ಇಂಥ ಪರೀಕ್ಷೆಗೆ 12ರಿಂದ 16 ವಾರ ಕಾಯುತ್ತಾರೆ, ನೀವೂ ಅಷ್ಟು ಕಾಯಿರಿ. ಜುಲೈ ಮೊದಲ ವಾರ ಇಟ್ಟರೆ ದೀಪಾವಳಿಯ ಹೊತ್ತಿಗೆ ಸರಿಹೋಗುತ್ತದೆ. ಹುಲ್ಲು ಒಣಗದಂತೆ ಆಗಾಗ ನೀರು ಚಿಮುಕಿಸುತ್ತಿರಿ.

ತೆಗೆದ ಮೇಲೆ ಅಂಟಿದ ನೂಲನ್ನು ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಎಲ್ಲ ಒಂಬತ್ತನ್ನೂ ಮೊದಲಿನ ಹಾಗೇ ಬಿಸಿಲಿಗೆ ಒಣಗಿಸಿ ತೂಗಿ. ಕಪಾಟಿನದ್ದು ಹೆಚ್ಚು ಕಡಿಮೆ ಮೊದಲಿನಷ್ಟೇ ಇರುತ್ತದೆ. ಬಾಟಲಿಯದು ನೀರಿನಲ್ಲೇ ಇದ್ದರೂ ಅಷ್ಟೇನೂ ಇಳಿದಿರುವುದಿಲ್ಲ. ಹುಲ್ಲಿನ ನಡುವಿನ ಮೂರು ತುಂಡುಗಳನ್ನು ಬೇರೆಯಾಗಿ ಹಿಡಿಯಿರಿ, ತಕ್ಕಡಿಗೆ ಹಾಕುವ ಮೊದಲೇ ಕೈಗೆ ಗೊತ್ತಾಗುತ್ತದೆ.